ಸಿದ್ದಪ್ಪಾಜಿಗೆ ಕಬ್ಬಿಣ ಸಿಕ್ತಾ?

ಮಂಡ್ಯದ ಗೆಳೆಯರೇ,

ಅಮೆರಿಕದ ಹಾಡುಗಾರ ಪಾಲ್ ಸೈಮನ್ ಅವರ ‘ಸೆವೆನ್ ಸಾಮ್ಸ್’ (ಏಳು ಸ್ತೋತ್ರಗಳು) ಆಲ್ಬಂ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಭಾಷೆ ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ಆದರೆ ಹೀಗೇ ಹಾಕಿಕೊಳ್ಳಲಾರೆ.

ಎರಡನೇ ಪ್ಯಾರಾದಲ್ಲಿ ‘ಮೂರನೆಯ ಹಾಡು ಯಾಕೋ ಸಪ್ಪೆ, ಐದನೆಯದು ಅದ್ಭುತ’ ಅಂದಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. 2023ರಲ್ಲಿ ಬಂದ ಈ ಆಲ್ಬಂನಲ್ಲಿ ಏಳು ಭಾಗ ಇರುವುದು ನಿಜ. ಆದರೆ ನಡುವೆ ಬಿಡುವಿಲ್ಲ, 33 ನಿಮಿಷದ ಒಂದೇ ಟ್ರ್ಯಾಕ್. ಒಂದೇ ಪಟ್ಟಿಗೆ ಕೂತು ಕೇಳಲಿ ಅಂತಲೇ ಹಾಗೆ ಮಾಡಿದ್ದು. ಮೊದಲ ಭಾಗದ ‘ದಿ ಲಾರ್ಡ್’ ಅನ್ನುವ ಸೊಲ್ಲು ಮುಂದೆಯೂ ತಿರುಗಿ ತಿರುಗಿ ಬರುತ್ತದೆ. ನಿಮ್ಮ ಮೂರು ಪುಟದಲ್ಲಿ ಅದರ ಸುಳಿವೇ ಇಲ್ಲ. ಸಾರು ಬಿಟ್ಟು ಬರೀ ಮುದ್ದೆ ನುಂಗಿ, ಊಟ ಸಪ್ಪೆ ಅಂದಂಗಾಯ್ತು.

ಮುಂದಿನ ಸಾಲು: ‘ಭಕ್ತಿರಸ ತುಂಬಿ ತುಳುಕುತ್ತದೆ.’ ಎಲ್ಲಿ ತುಳುಕಿತು? ಅದೇ ಸೊಲ್ಲಿನಲ್ಲಿ ಕೊರೊನಾ ವೈರಸ್ಸೂ ದೇವರೇ, ಏರಿ ಬರುವ ಸಮುದ್ರವೂ ದೇವರೇ ಅನ್ನುತ್ತಾರೆ ಸೈಮನ್. ಆಲ್ಬಂ ಬಂದಾಗ ಅವರಿಗೆ 81. ಅದನ್ನು ಮಾಡುವಾಗಲೇ ಎಡಗಿವಿ ಹೆಚ್ಚುಕಡಿಮೆ ಕೇಳದಂತಾಗಿತ್ತು. ಅಂಥವರು ಗಿಟಾರ್ ಹಿಡಿದು ಮೆಲ್ಲಗೆ ಹೀಗೆ ಹೇಳಿದರೆ ನನಗೆ ಭಕ್ತಿಗಿಂತ ಜಾಸ್ತಿ ದಿಗಿಲಾಯಿತು. ನಿಮಗೇನಾಯಿತು?

ಕೊನೆಗೆ ‘ನಮ್ಮ ನೀಲಗಾರರ ತಂಬೂರಿ ಪದದಂತೆ’ ಅಂತ ಸುಮ್ನೆ ಸೇರಿಸಿದ್ದೀರಿ. ಹೋಲಿಕೆ ತಪ್ಪಲ್ಲ. ಸಂತ ಮಂಟೇಸ್ವಾಮಿ, ಅವರ ಶಿಷ್ಯ ಸಿದ್ದಪ್ಪಾಜಿಯ ಕಥೆ ಹಾಡುವ ಆ ನೀಲಗಾರರಲ್ಲೂ ಹಿಮ್ಮೇಳದವರು ‘ಸಿದ್ದಯ್ಯ ಸ್ವಾಮಿ ಬನ್ನಿ’ ಅಂತ ಸೊಲ್ಲು ಎತ್ತಿಕೊಂಡಾಗಲೇ ಕಥೆಗೆ ಉಸಿರು ಸಿಗೋದು, ಅಲ್ವಾ? ಅದನ್ನೇ ನೀವು ಬರೆದಿಲ್ಲ.

ನನ್ನದೂ ಇದೇ ಕಥೆ. ಮೈಸೂರಿನ ಸಣ್ಣ ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಮಳವಳ್ಳಿ ಕಡೆ ರಾತ್ರಿಯಿಡೀ ನೀಲಗಾರರ ಕಥೆ ಇದೆ, ಕೇಳಿ ಬಾ ಅಂತ ಕಳಿಸಿದರು. ಚಳಿ, ಸೊಳ್ಳೆ. ಹನ್ನೆರಡಕ್ಕೆಲ್ಲ ಲಾರಿ ಹತ್ತಿ ವಾಪಸ್ ಬಂದೆ. ಬೆಳಿಗ್ಗೆ ‘ಮಂತ್ರಮುಗ್ಧನಾಗಿ ಕೂತಿದ್ದೆ’ ಅಂತ ಬರೆದುಕೊಟ್ಟೆ. ಸಂಪಾದಕರು ಆ ಸೀಮೆಯವರೇ ಅಂತ ನನಗೇನು ಗೊತ್ತು! ಕನ್ನಡಕ ತೆಗೆದು ಕೇಳಿದರು: ‘ಅಲ್ಲಯ್ಯಾ, ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ್ನಲ್ಲ, ಅಲ್ಲಿನ ಕಮ್ಮಾರ ಪಾಂಚಾಳರು ಕೊಟ್ರಾ?’ ನಾನು ಎದ್ದು ಬಂದಾಗ ಸಿದ್ದಪ್ಪಾಜಿ ಇನ್ನೂ ಹಲಗೂರನ್ನೇ ಮುಟ್ಟಿರಲಿಲ್ಲ. ನನ್ನ ಹಾಳೆ ಮಡಚಿ ಟೀ ಲೋಟದ ಕೆಳಗಿಟ್ಟುಕೊಂಡರು.

ಒಂದು ರಾತ್ರಿ ಫೋನ್ ಆಚೆ ಇಟ್ಟು 33 ನಿಮಿಷ ಕೂರಿ. ಸೊಲ್ಲು ತಿರುಗಿ ಬಂದಾಗೆಲ್ಲ ಏನು ಬದಲಾಗಿದೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಬರೆದು ಕಳಿಸಿ. ಒಂದು ಪುಟ ಸಾಕು.