ಕಾಡಿನವರಿಗೆ ಹಕ್ಕು ಕೊಟ್ಟರೆ ಕಾಡು ಉಳಿದೀತೇ?

ತಲೆತಲಾಂತರದಿಂದ ಕಾಡಿನಲ್ಲಿರುವವರಿಗೆ ಭೂಮಿಯ ಹಕ್ಕು ಕೊಟ್ಟರೆ ಕಾಡು ಹಾಳಾಗುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ಅನಿಸುವುದಿಷ್ಟು: ಹಕ್ಕಿಲ್ಲದವರಿಗೆ ಆ ನೆಲವನ್ನು ಕಾಯುವ ಅಧಿಕಾರವೂ ಇರುವುದಿಲ್ಲ, ಹಾಳು ಶುರುವಾಗುವುದೇ ಅಲ್ಲಿಂದ.

ನಮ್ಮ ತಾಲ್ಲೂಕಿನ ಕುಸನೂರಿನ ಕತೆಯನ್ನು ಮೊದಲು ಹೇಳುತ್ತೇನೆ. ಅಲ್ಲಿಯವರು ಬುಡಕಟ್ಟಿನವರಲ್ಲ, ಒಕ್ಕಲುತನ ಮತ್ತು ಕೂಲಿಯಿಂದ ಬದುಕುವವರು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ಸರ್ಕಾರಿ ನಿಗಮವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಅದರಲ್ಲಿ ಪಾಲುದಾರರಾಗಿದ್ದವು. ಊರ ದನಗಳು ಮೇಯುತ್ತಿದ್ದ, ಹೆಣ್ಣುಮಕ್ಕಳು ಉರುವಲು ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ಆ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಕಂಪನಿಯ ಉದ್ದೇಶವಾಗಿತ್ತು. 1987ರ ನವೆಂಬರ್ 14ರಂದು ಜನ ಕುಸನೂರಿನಲ್ಲಿ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ನೆಲದಲ್ಲಿ ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಇದೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. (ನಮ್ಮ ಕಡೆ ಗಿಡ ಹಚ್ಚುವುದೆಂದರೆ ನೆಡುವುದು.) ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಈ ಹೋರಾಟದ ಹಿಂದಿತ್ತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು, 1991ರಲ್ಲಿ ಕಂಪನಿ ಮುಚ್ಚಿತು. ಕಿತ್ತದ್ದಕ್ಕಿಂತ ಹಚ್ಚಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ನೆಲಕ್ಕೆ ಏನು ಬೇಕೆಂಬ ತಿಳಿವಳಿಕೆ ಅವರಲ್ಲಿ ಮೊದಲೇ ಇತ್ತು.

ಬುಡಕಟ್ಟಿನವರ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಸೂಕ್ಷ್ಮವಾಗಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ಒಣಗಿದ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಆ ರೂಢಿಯನ್ನು ನಿಷೇಧಿಸಿದ ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಎಂಬ ಪರಾವಲಂಬಿ ಗಿಡ ಹತ್ತಿತು ಎಂದು ಅವರು ಹೇಳುತ್ತ ಬಂದಿದ್ದಾರೆ. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ.

ಕಾಡಿನವರು ತಪ್ಪೇ ಮಾಡುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಎಮ್ಮೆಗಳು ಒಂದೇ ಕಡೆ ಮೇಯುತ್ತಿದ್ದರೆ ಅಲ್ಲಿ ಸಸಿ ಏಳುವುದಿಲ್ಲ. ಅದನ್ನು ತಡೆಯಲೆಂದೇ 2006ರ ಅರಣ್ಯ ಹಕ್ಕು ಕಾಯ್ದೆಯು ಕಾಡು, ವನ್ಯಜೀವಿ ಮತ್ತು ನೀರಿನ ಮೂಲಗಳನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿದೆ. ಹಕ್ಕಿನ ಜೊತೆಗೇ ಹೊಣೆಯೂ ಅದರಲ್ಲಿದೆ ಎಂಬುದನ್ನು ವಿರೋಧಿಸುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ನನಗೆ ನೋವಾಗುವುದು ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಕಾಡಂಚನ್ನು ನೋಡಿದಾಗ. ಅಲ್ಲಿ ಸಿದ್ದಿಗಳೂ ಎಮ್ಮೆ ಸಾಕುವ ದನಗರ ಗೌಳಿಗರೂ ಇದ್ದಾರೆ. ಈ ಜಿಲ್ಲೆಯ ಸಿದ್ದಿಗಳನ್ನು 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಆದ್ದರಿಂದ ಈ ಕಾಯ್ದೆಯಡಿ ಹಕ್ಕು ಪಡೆಯಲು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದೇವೆಂದು ಅವರು ತೋರಿಸಿದರೆ ಸಾಕು. ಗೌಳಿಗರು ಪಟ್ಟಿಯಲ್ಲಿಲ್ಲ, ಹೀಗಾಗಿ ಆ ದಿನಕ್ಕೆ ಮುಂಚಿನ 75 ವರ್ಷಗಳ ವಾಸವನ್ನು ಅವರು ಸಾಬೀತುಪಡಿಸಬೇಕು. ಮೇವು ನೋಡಿಕೊಂಡು ದೊಡ್ಡಿ ಬದಲಿಸುತ್ತ ಬಂದ ಕುಟುಂಬದಲ್ಲಿ ಅಷ್ಟು ಹಳೆಯ ಕಾಗದ ಎಲ್ಲಿಂದ ಬರಬೇಕು? ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಸ್ವೀಕರಿಸಲು ನಿಯಮದಲ್ಲಿ ಅವಕಾಶವಿದೆ. ತಮಗೆ ಆ ಕಡೆಯವರ ಪರಿಚಯವಿದ್ದರೆ, ಹಿರಿಯರು ಬದುಕಿರುವಾಗಲೇ ಆ ಹೇಳಿಕೆಗಳನ್ನು ಬರೆಸಿಡಲು ದಯವಿಟ್ಟು ತಿಳಿಸಿರಿ.