ಕೊಪ್ಪಳದ ಕಡೆ ಉಳುಮೆ ಬಿಟ್ಟ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ನಮ್ಮ ನೆಲದ ಗಿಡಗಳನ್ನು ಮತ್ತೆ ಬೆಳೆಸುವುದು ಹೇಗೆ?

ಮೊದಲು ಸಸಿ ಕೊಳ್ಳಬೇಡಿ, ಹತ್ತಿರದ ಗುಡ್ಡ ನೋಡಿ ಬನ್ನಿ. ಅಲ್ಲಿ ತಾನಾಗಿ ಬೆಳೆದ ಕಮರ, ಕಾರೆ, ಕವಳೆ, ತಂಗಡಿ, ಬಂದರಿಕೆಗಳೇ ನಿಮ್ಮ ಪಟ್ಟಿ.

ವರ್ಷಗಟ್ಟಲೆ ಉತ್ತ ಹೊಲದ ಮಣ್ಣಿನಲ್ಲಿ ಕಾಡುಗಿಡಗಳ ಬೀಜ, ಬೇರು ಹೆಚ್ಚು ಉಳಿದಿರುವುದಿಲ್ಲ. ಖಾಲಿ ಜಾಗಕ್ಕೆ ಮೊದಲು ನುಗ್ಗುವುದು ಹೊರಗಿನಿಂದ ಬಂದ ಮುಳ್ಳುಗಿಡ ಬಳ್ಳಾರಿ ಜಾಲಿ. ಅದನ್ನು ಮೇಲಷ್ಟೇ ಕಡಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ನೆಲದೊಳಗಿನ ಬುಡದ ಗಂಟನ್ನೇ ಅಗೆದು ತೆಗೆಯಬೇಕು. ಬೆವರು ಸುರಿಸುವ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ಮುಂಗಾರು ಹಿಡಿದ ಮೇಲೆ ಬದುವಿನ ಮೇಲ್ಬದಿಗೆ ಬಿತ್ತಿ. ತಂಗಡಿ, ಬಂದರಿಕೆ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿದರೆ ಚೆನ್ನಾಗಿ ಮೊಳೆಯುತ್ತವೆ. ಕಮರದ ತಾಯಿಬೇರು ಬಲು ಆಳಕ್ಕಿಳಿಯುತ್ತದೆ. ಸಸಿಯನ್ನು ಚೀಲದಲ್ಲಿ ಬಹಳ ದಿನ ಇಟ್ಟರೆ ಬೇರು ಸುತ್ತಿಕೊಳ್ಳುತ್ತದೆ. ಹಾಗಾಗಿ ಬೀಜವನ್ನು ನೇರ ನೆಲಕ್ಕೇ ಊರುವುದು ಒಳ್ಳೆಯದು.

ಸಾಲುಗಳ ನಡುವೆ ಸ್ಥಳೀಯ ಹುಲ್ಲನ್ನು ಹಾಗೇ ಬಿಡಿ. ಕುರಿ, ಮೇಕೆ ಬರದಂತೆ ಮೊದಲ ಎರಡು ಮೂರು ವರ್ಷ ಮುಳ್ಳುಬೇಲಿ ಬೇಕೇ ಬೇಕು. ಕುರಿಗಾರರಿಗೆ ಹುಲ್ಲು ಕೊಯ್ದು ಒಯ್ಯಲು ಬಿಟ್ಟರೆ ಜಗಳವಿರುವುದಿಲ್ಲ.

ನಿಮ್ಮದು ಎರೆ (ಕಪ್ಪು ಮಣ್ಣಿನ) ಹೊಲವಾಗಿದ್ದರೆ ಮರ ತುಂಬಲು ಹೋಗಬೇಡಿ. ಸಿರುಗುಪ್ಪದ ಸೀಮೆಯಲ್ಲಿ ದೊರೆಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬದುಕಿರುವುದು ಅಂಥ ತೆರೆದ ಬಯಲಿನಲ್ಲೇ.