ಸುದೊನೊ ಸಲೀಂ ಇಂಡೋನೇಷ್ಯಾದಲ್ಲಿ ಅಷ್ಟು ದೊಡ್ಡ ಉದ್ಯಮಿ ಆಗಿದ್ದು ಹೇಗೆ?

ಪೈಪೋಟಿಯೇ ಇಲ್ಲದ ವ್ಯಾಪಾರಗಳನ್ನು ಸರ್ಕಾರವೇ ಅವರ ಕೈಗೆ ಕೊಟ್ಟಿತು.

1950ರ ದಶಕದಲ್ಲಿ ಸಲೀಂ ಮಧ್ಯ ಜಾವಾದಲ್ಲಿ ಸೇನೆಗೆ ಸಾಮಾನು ಪೂರೈಸುತ್ತಿದ್ದರು. ಸೇನಾಧಿಕಾರಿ ಸುಹಾರ್ತೋ ಪರಿಚಯವಾಗಿದ್ದು ಆಗಲೇ. ಅದೇ ಸುಹಾರ್ತೋ ಅಧ್ಯಕ್ಷರಾದ ಮೇಲೆ, 1968ರಲ್ಲಿ, ಲವಂಗ ಆಮದಿನ ಪರವಾನಗಿ ಸಿಕ್ಕಿತು. ಅಲ್ಲಿನ ಕ್ರೆಟೆಕ್ ಸಿಗರೇಟಿಗೆ ಲವಂಗ ಬೇಕೇ ಬೇಕು.

ಅಸಲಿ ಗುಟ್ಟು ಇರುವುದು ಸಲೀಂ ಅವರ ಬೊಗಸಾರಿ ಹಿಟ್ಟಿನ ಗಿರಣಿಯಲ್ಲಿ. ಆಗ ಗೋಧಿ ತರಿಸುತ್ತಿದ್ದುದು ಬುಲಾಗ್ ಎಂಬ ಸರ್ಕಾರಿ ಆಹಾರ ಸಂಸ್ಥೆ. ಗಿರಣಿ ಬೀಸಿಕೊಟ್ಟು ಕೂಲಿ ತೆಗೆದುಕೊಳ್ಳುತ್ತಿತ್ತು. ಗೋಧಿ ಬೆಲೆ ಏರಿದರೆ ಹೊರೆ ಸರ್ಕಾರದ್ದು, ಬೀಸಿದಷ್ಟೂ ಲಾಭ ಗಿರಣಿಯದ್ದು. ನಷ್ಟದ ಭಯವಿಲ್ಲದ ಇಂಥ ಆದಾಯ ಇದ್ದರೆ ಸಿಮೆಂಟು, ಬ್ಯಾಂಕು, ನೂಡಲ್ಸ್ ಅಂತ ಕೈ ಚಾಚುವುದು ಸುಲಭ ಅಲ್ವಾ? 1985ರಲ್ಲಿ ಅವರ ಇಂಡೋಸಿಮೆಂಟ್ ಕಂಪನಿ ಕಷ್ಟಕ್ಕೆ ಬಿದ್ದಾಗಲೂ ಸರ್ಕಾರವೇ 35% ಷೇರು ಕೊಂಡು ಎತ್ತಿ ನಿಲ್ಲಿಸಿತು. ಅದು ಜನರ ದುಡ್ಡು. ಎಲ್ಲಕ್ಕಿಂತ ಜಾಸ್ತಿ ಅನ್ಯಾಯ ಇದೇ ಅಂತ ನನಗನ್ನಿಸುತ್ತದೆ.

1998ರ ಮೇ ತಿಂಗಳಲ್ಲಿ ಸುಹಾರ್ತೋ ಅಧಿಕಾರದಿಂದ ಇಳಿದರು. ಅದೇ ತಿಂಗಳು ಸಲೀಂ ಕುಟುಂಬದ ಬ್ಯಾಂಕ್ ಸೆಂಟ್ರಲ್ ಏಷ್ಯಾದಿಂದ ಹಣ ತೆಗೆಯಲು ಜನ ಮುಗಿಬಿದ್ದರು, ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು.